ಹತ್ತು ವರ್ಷದ ಸರ್ಟಿಫಿಕೇಟು, ಒಂದು ಚೆಕ್ಕು

ಸಿಇಟಿ ರಿಸಲ್ಟು ಬಂದ ವಾರದಲ್ಲೇ ಎಲ್ಲಿಂದಲೋ ಒಂದು ಚಿತ್ರ ಬಂದು ಬೀಳುತ್ತದೆ. ಮೊದಲೆಲ್ಲ ಫಾರ್ವರ್ಡ್ ಮೇಲಿನಲ್ಲಿ ಬರುತ್ತಿತ್ತು, ಈಗ ವಾಟ್ಸಪ್ಪಿನಲ್ಲಿ. ನೀವೂ ನೋಡಿರುತ್ತೀರಿ. ಒಂದು ಓಟದ ಪಂದ್ಯ. ಒಬ್ಬ ಬೆವರು ಸುರಿಸಿಕೊಂಡು ಓಡುತ್ತಿದ್ದಾನೆ, ಬೆನ್ನ ಮೇಲೆ "ಮೆರಿಟ್" ಅಂತ ಬರೆದಿದೆ. ಇನ್ನೊಬ್ಬ ಗೆಲ್ಲುವ ಗೆರೆಯಿಂದ ಎರಡೇ ಹೆಜ್ಜೆ ಹಿಂದೆ ಆರಾಮಾಗಿ ನಿಂತಿದ್ದಾನೆ, ಅವನ ಬೆನ್ನ ಮೇಲೆ "ಕೋಟಾ". ಕೆಳಗೆ ಯಥಾಪ್ರಕಾರ, ದೇಶ ಉದ್ಧಾರ ಆಗುವುದು ಹೇಗೆ ಅನ್ನುವ ನಿಟ್ಟುಸಿರು.

ಚಿತ್ರ ಬರೆದ ಪುಣ್ಯಾತ್ಮನಿಗೆ ನನ್ನದೊಂದೇ ಪ್ರಶ್ನೆ. ಮೂರನೆಯವನು ಎಲ್ಲಿ ಸ್ವಾಮಿ? ಪಂದ್ಯಕ್ಕೇ ಬರದೆ, ಮೈದಾನದ ಹಿಂದಿನ ಗೇಟಿನಲ್ಲಿ ಕಾರು ನಿಲ್ಲಿಸಿ, ಕೌಂಟರಿನಲ್ಲಿ ದುಡ್ಡು ಕಟ್ಟಿ, ಪದಕ ತಗೊಂಡು ಹೋದವನು? ಅವನದೂ ಕೋಟಾನೇ ಅಲ್ವಾ? ಹೆಸರಿನಲ್ಲೇ ಇದೆಯಲ್ಲ, ಮ್ಯಾನೇಜ್‌ಮೆಂಟ್ ಕೋಟಾ, ಎನ್‌ಆರ್‌ಐ ಕೋಟಾ ಅಂತ. ಆದರೆ "ಅವನು ಕೋಟಾದಲ್ಲಿ ಬಂದವನು" ಅಂತ ಯಾರಾದರೂ ಮೂಗು ಮುರಿದಾಗ, ಅದು ದುಡ್ಡು ಕೊಟ್ಟು ಬಂದವನ ಬಗ್ಗೆ ಅಂತ ನಿಮಗೆ ಒಂದು ಸಲವಾದರೂ ಅನಿಸಿದೆಯಾ? ನನಗಂತೂ ಇಲ್ಲ. ಕೋಟಾ ಅನ್ನುವ ಮಾತು ಬೈಗುಳ ಆಗುವುದು ಬಡವರ ವಿಷಯಕ್ಕೆ ಮಾತ್ರ.

ಜಾತಿ ಮೀಸಲಾತಿಯ ಬಗ್ಗೆ ಇಲ್ಲಿ ಬರೆಯುತ್ತಿಲ್ಲ. ಅದು ಬೇರೆಯದೇ ಚರ್ಚೆ, ಆ ಹೆಸರೆತ್ತಿದ ಕೂಡಲೆ ಕಾಮೆಂಟುಗಳು ಎಲ್ಲಿಗೆ ಹೋಗಿ ಮುಟ್ಟುತ್ತವೆ ಅಂತ ನಮಗೆಲ್ಲ ಗೊತ್ತು :-) ಬೇಕಂತಲೇ ಎರಡು ಸಣ್ಣ ಕೋಟಾಗಳನ್ನು ಎತ್ತಿಕೊಂಡಿದ್ದೇನೆ. ಗ್ರಾಮೀಣ ಕೋಟಾ ಮತ್ತು ಕನ್ನಡ ಮಾಧ್ಯಮದ ಕೋಟಾ. ಇವೆರಡು ಎಲ್ಲ ಜಾತಿಯೊಳಗೂ ಹಂಚಿಕೆಯಾಗುವಂಥವು, ಜನರಲ್ ಮೆರಿಟ್‌ನವರಿಗೂ ಉಂಟು. ಹಾಗಾಗಿ ಇವನ್ನು ಬೈಯುವುದಕ್ಕೆ ಜಾತಿಯ ನೆಪವೂ ಸಿಗುವುದಿಲ್ಲ. ಆದರೂ ಬೈಯುತ್ತಾರೆ. ಯಾಕೆ ಅಂತ ನೋಡೋಣ.

ಮೊದಲು ಸ್ವಲ್ಪ ಲೆಕ್ಕ. ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ (ಅಲ್ಪಸಂಖ್ಯಾತರ ಕಾಲೇಜುಗಳನ್ನು ಬಿಟ್ಟು) ಸೀಟು ಹಂಚಿಕೆ ಹೀಗೆ: ನೂರರಲ್ಲಿ 45 ಸರ್ಕಾರಿ ಸೀಟು, ಸಿಇಟಿ ರ್‍ಯಾಂಕಿನ ಮೇಲೆ. 30 ಕಾಮೆಡ್-ಕೆ, ಅದಕ್ಕೆ ಬೇರೆ ಪರೀಕ್ಷೆ, ಜಾಸ್ತಿ ಫೀಸು. ಉಳಿದ 25 ಮ್ಯಾನೇಜ್‌ಮೆಂಟಿಗೆ, ಎನ್‌ಆರ್‌ಐ ಸೀಟುಗಳೂ ಇದರೊಳಗೇ. ಈಗ ಆ 45ರಲ್ಲಿ ಗ್ರಾಮೀಣ ಮಕ್ಕಳಿಗೆ 15 ಪರ್ಸೆಂಟು, ಕನ್ನಡ ಮಾಧ್ಯಮದವರಿಗೆ 5 ಪರ್ಸೆಂಟು. ಅಂದರೆ ಗ್ರಾಮೀಣ ಆರೂಮುಕ್ಕಾಲು, ಕನ್ನಡ ಮಾಧ್ಯಮ ಎರಡೂಕಾಲು. ಎರಡೂ ಸೇರಿದರೆ ನೂರಕ್ಕೆ 9 ಸೀಟು.

ಒಂಬತ್ತು ಒಂದು ಕಡೆ, ಇಪ್ಪತ್ತೈದು ಇನ್ನೊಂದು ಕಡೆ. ಮೆರಿಟ್ ಹಾಳಾಯಿತು ಅಂತ ಗೋಳಾಡುವವರು ಆ ಒಂಬತ್ತರ ಮುಂದೆ ನಿಂತು ಗೋಳಾಡುತ್ತಾರೆ. ಇಪ್ಪತ್ತೈದರ ಮುಂದೆ ನಿಂತವರೂ ಅವರೇ, ಆದರೆ ಅಲ್ಲಿ ಚೆಕ್ ಬುಕ್ ಹಿಡಿದುಕೊಂಡು.

*

ಈಗ ಈ ಎರಡು ಬಾಗಿಲುಗಳಲ್ಲಿ ಯಾರಿಗೆ ಏನು ಸಾಕ್ಷಿ ಕೇಳುತ್ತಾರೆ ನೋಡಿ. ನನ್ನ ಜಗಳ ಇರುವುದು ಇಲ್ಲೇ.

ಗ್ರಾಮೀಣ ಕೋಟಾ ಬೇಕು ಅಂದರೆ ಒಂದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನ ತನಕ ಪೂರ್ತಿ ಹತ್ತು ವರ್ಷ ಕರ್ನಾಟಕದ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಒಂಬತ್ತು ವರ್ಷ ಓದಿದರೆ ಆಗುವುದಿಲ್ಲ. ಯಾವ ವರ್ಷ ಯಾವ ಶಾಲೆ, ಎಲ್ಲದಕ್ಕೂ ಹೆಡ್‌ಮಾಸ್ತರ ಸಹಿ ಬೇಕು. ಅದರ ಮೇಲೆ ಬಿಇಓ ಸಾಹೇಬರ ಮೇಲುರುಜು ಬೇಕು. ಜನರಲ್ ಮೆರಿಟ್‌ನವರಾದರೆ ಕೆನೆಪದರಕ್ಕೆ ಸೇರಿಲ್ಲ ಅಂತ ತಹಶೀಲ್ದಾರರಿಂದ ಇನ್ನೊಂದು ಪತ್ರ. ಕನ್ನಡ ಮಾಧ್ಯಮಕ್ಕೂ ಅದೇ ಹತ್ತು ವರ್ಷ, ಅದೇ ಸಹಿ, ಅದೇ ಸೀಲು. ಶಾಲೆ ಬದಲಾಯಿಸಿದ ಮಗುವಿನ ಅಪ್ಪನ ಅವಸ್ಥೆ ಕೇಳಬೇಡಿ. ಈ ಊರಿನ ಹೆಡ್‌ಮಾಸ್ತರು ಟ್ರೇನಿಂಗಿಗೆ ಹೋಗಿದ್ದಾರೆ, ಆ ತಾಲೂಕಿನ ಬಿಇಓ ಮೀಟಿಂಗಿಗೆ ಹೋಗಿದ್ದಾರೆ. ಎರಡು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು.

ಇದರಲ್ಲಿ ಗ್ರಾಮೀಣ ಅಂದರೆ ಏನು? ಮಹಾನಗರ ಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಇವುಗಳ ಗಡಿಯಿಂದ ಹೊರಗೆ ಇರುವುದು. ಕೇಳಲಿಕ್ಕೆ ಸರಿಯಾಗಿಯೇ ಇದೆ. ಆದರೆ ನಮ್ಮೂರ ಕಡೆಯ ಒಂದು ಹುಡುಗಿಯ ವಿಷಯ ಹೇಳುತ್ತೇನೆ, ಆಮೇಲೆ ಹೇಳಿ ಸರಿಯಾಗಿದೆಯಾ ಅಂತ.

ಅಪ್ಪ ಎಪಿಎಂಸಿಯಲ್ಲಿ ಹಮಾಲಿ. ಅಮ್ಮ ಹೊಲದ ಕೂಲಿ. ಊರಲ್ಲಿ ಇರುವುದು ಏಳನೇ ಕ್ಲಾಸಿನ ತನಕದ ಸರ್ಕಾರಿ ಶಾಲೆ. ಎಂಟನೇ ಕ್ಲಾಸಿಗೆ ಆರು ಕಿಲೋಮೀಟರು ಆಚೆಯ ಊರಿಗೆ ಹೋಗಬೇಕು, ಇಲ್ಲ ಶಾಲೆ ಬಿಡಬೇಕು. ಹುಡುಗಿ ಶಾಲೆ ಬಿಡಲಿಲ್ಲ. ಸರ್ಕಾರ ಕೊಟ್ಟ ಸೈಕಲ್ಲಿನಲ್ಲಿ ಮೂರು ವರ್ಷ ದಿನಾ ಹೋಗಿ ಬಂದಳು. ಬೆಳಿಗ್ಗೆ ಎಮ್ಮೆ ಕಟ್ಟಿ ಹೋಗುವುದು, ಸಂಜೆ ಬಂದು ಒಲೆ ಹಚ್ಚುವುದು. ಎಸ್ಸೆಸ್ಸೆಲ್ಸಿಯಲ್ಲಿ ಇಡೀ ಶಾಲೆಗೇ ಮೊದಲು. ಸಿಇಟಿ ಬರೆದಳು. ಗ್ರಾಮೀಣ ಸರ್ಟಿಫಿಕೇಟಿಗೆ ಹೋದರೆ, ಕೊಡಲಿಕ್ಕೆ ಬರುವುದಿಲ್ಲಮ್ಮ ಅಂದರು. ಯಾಕಂದರೆ ಆ ಆರು ಕಿಲೋಮೀಟರು ಆಚೆಯ ಊರು ಪಟ್ಟಣ ಪಂಚಾಯಿತಿ! ಮೂರು ವರ್ಷ ಅವಳು "ನಗರ"ದಲ್ಲಿ ಓದಿದ್ದಾಳೆ!

ಗುಮಾಸ್ತರನ್ನು ಬೈದು ಪ್ರಯೋಜನ ಇಲ್ಲ, ಅವರ ಮುಂದೆ ಇರುವುದು ಆ ನಿಯಮ. ಆ ನಿಯಮದ ಪ್ರಕಾರ ಅವಳು ಹಳ್ಳಿಯವಳಲ್ಲ. ಊರಲ್ಲಿ ಹೈಸ್ಕೂಲು ಕಟ್ಟಿಸದೆ ಇದ್ದದ್ದು ಸರ್ಕಾರ. ಸೈಕಲ್ಲು ಕೊಟ್ಟು ಆಚೆ ಊರಿಗೆ ಹೋಗು ಅಂದದ್ದೂ ಸರ್ಕಾರ. ಹೋಗಿ ಬಂದಮೇಲೆ, ಹೋದದ್ದೇ ತಪ್ಪು ಅನ್ನುವ ಹಾಗೆ ಕೋಟಾ ಕಿತ್ತುಕೊಂಡದ್ದೂ ಸರ್ಕಾರವೇ. ಕನ್ನಡ ಮಾಧ್ಯಮದ ಕೋಟಾ ಏನೋ ಉಳಿಯಿತು, ಆದರೆ ಆ ಎರಡೂಕಾಲು ಸೀಟಿನ ಸಾಲು ಅವಳ ಹತ್ತಿರ ಬರುವ ಮೊದಲೇ ಮುಗಿಯಿತು. ಈಗ ಬಿಎಸ್ಸಿ ಮಾಡುತ್ತಿದ್ದಾಳೆ. ಬಿಎಸ್ಸಿ ಕೆಟ್ಟದ್ದೇನಲ್ಲ. ಆದರೆ ಅವಳು ಕೇಳಿದ್ದು ಅದನ್ನಲ್ಲ.

ಇನ್ನೊಂದು ಬದಿ ನೋಡಿ. ಬೆಂಗಳೂರಿನಿಂದ ಅರ್ಧ ಗಂಟೆ ಆಚೆ, ಯಾವುದೋ ಗ್ರಾಮ ಪಂಚಾಯಿತಿಯ ಸರಹದ್ದಿನಲ್ಲಿ, ಎಸಿ ಬಸ್ಸು, ಈಜುಕೊಳ ಇರುವ ಶಾಲೆಗಳು ಎಷ್ಟಿಲ್ಲ? ಸರ್ವೆ ನಂಬರಿನ ಲೆಕ್ಕದಲ್ಲಿ ಅವೂ ಗ್ರಾಮೀಣವೇ. ಕೆನೆಪದರದ ಷರತ್ತು ಇರುವುದರಿಂದ ಅಲ್ಲಿನ ತೀರಾ ಶ್ರೀಮಂತರ ಮಕ್ಕಳು ಹೊರಗುಳಿಯಬಹುದು, ಒಪ್ಪಿದೆ. ಆದರೆ ನಿಯಮ ಅಳೆಯುತ್ತಿರುವುದು ಏನನ್ನು? ಶಾಲೆ ಯಾವ ಪಂಚಾಯಿತಿಗೆ ಕಂದಾಯ ಕಟ್ಟುತ್ತದೆ ಅನ್ನುವುದನ್ನು. ಆ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು ಇದ್ದರೋ ಇಲ್ಲವೋ, ಲ್ಯಾಬು ಇತ್ತೋ ಇಲ್ಲವೋ, ಅದು ಯಾರಿಗೂ ಬೇಕಿಲ್ಲ. ಹಾಗೇ ಬೆಂಗಳೂರಿನ ಸ್ಲಮ್ಮಿನ ಪಕ್ಕದ ಸರ್ಕಾರಿ ಶಾಲೆಯಲ್ಲಿ ಓದಿದ ಗಾರೆ ಕೆಲಸದವರ ಮಗ? ಅವನು ಮಹಾನಗರವಾಸಿ, ಗ್ರಾಮೀಣ ಕೋಟಾ ಇಲ್ಲ.

ಕನ್ನಡ ಮಾಧ್ಯಮದ ಕಥೆಯೂ ಅಷ್ಟೆ. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯನ್ನೇ ಮಾಧ್ಯಮ ಮಾಡಿ ಅಂತ ಸರ್ಕಾರ ಬಲವಂತ ಮಾಡುವ ಹಾಗಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಲ್ಲಿಗೆ ಕೈಯಲ್ಲಿ ದುಡ್ಡಿದ್ದವರ ಪಾಲಿಗೆ ಕನ್ನಡ ಮಾಧ್ಯಮ ಮುಗಿದ ಕಥೆಯಾಯಿತು. 2019ರಲ್ಲಿ ಸರ್ಕಾರವೇ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ಶುರು ಮಾಡಿತು. ಅದು ಸರಿಯೋ ತಪ್ಪೋ ಇನ್ನೊಮ್ಮೆ ಜಗಳ ಆಡೋಣ. ಆದರೆ ಆ ವರ್ಷ ಒಂದನೇ ಕ್ಲಾಸಿಗೆ ಸೇರಿದ ಕೂಲಿಯವರ ಮಗು 2029ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸುತ್ತದೆ. ಅದೇ ಮನೆ, ಅದೇ ಬಡತನ, ಅದೇ ಶಾಲೆಯ ಕಟ್ಟಡ. ಆದರೆ ಸರ್ಟಿಫಿಕೇಟಿನಲ್ಲಿ "ಇಂಗ್ಲಿಷ್ ಮಾಧ್ಯಮ" ಅಂತ ಇರುತ್ತದೆ, ಕೋಟಾ ಇರುವುದಿಲ್ಲ.

*

ಇಷ್ಟೆಲ್ಲ ಹಳ್ಳಿಯ ಮಗುವಿನಿಂದ ಕೇಳುವ ಸಾಕ್ಷಿ. ಇನ್ನು ಆ ಇಪ್ಪತ್ತೈದರ ಬಾಗಿಲಿನಲ್ಲಿ ಏನು ಕೇಳುತ್ತಾರೆ?

ಇಂಜಿನಿಯರಿಂಗಿಗೆ ಪಿಯುಸಿಯ ಐಚ್ಛಿಕ ವಿಷಯಗಳಲ್ಲಿ ನೂರಕ್ಕೆ 45 ಇದ್ದರೆ ಅರ್ಹತೆ ಮುಗಿಯಿತು. ಸಿಇಟಿಯ ಹಾಗೆ ಅರ್ಧ ಪಿಯುಸಿ ಅಂಕ, ಅರ್ಧ ಪರೀಕ್ಷೆಯ ಅಂಕ ಕೂಡಿಸಿ ಸರದಿಯಲ್ಲಿ ನಿಲ್ಲಿಸುವುದು ಅಲ್ಲಿಲ್ಲ. ಆಮೇಲೆ ನಡೆಯುವುದು ಮಾತುಕತೆ. ಕಂಪ್ಯೂಟರ್ ಸೈನ್ಸಿಗೆ ಒಂದು ರೇಟು, ಸಿವಿಲ್ಲಿಗೆ ಒಂದು ರೇಟು.

ಮೆಡಿಕಲ್ಲಿನಲ್ಲಿ ಈಗ ಸ್ವಲ್ಪ ವಾಸಿ. ನೀಟ್ ಬಂದಮೇಲೆ ಖಾಸಗಿ ಸೀಟು, ಎನ್‌ಆರ್‌ಐ ಸೀಟು ಎಲ್ಲಕ್ಕೂ ನೀಟ್ ಪಾಸಾಗಿರಲೇಬೇಕು, ಹಂಚಿಕೆ ಕೌನ್ಸೆಲಿಂಗಿನಲ್ಲೇ ಆಗಬೇಕು. ಒಳ್ಳೆಯದೇ ಆಯಿತು. ಆದರೆ ನೀಟ್ ಪಾಸು ಅಂದರೆ ಎಷ್ಟು ಗೊತ್ತಾ? 2022ರಲ್ಲಿ ಜನರಲ್ ಅಭ್ಯರ್ಥಿಗೆ 720ಕ್ಕೆ 117. ನೂರಕ್ಕೆ ಹದಿನಾರು ಚಿಲ್ಲರೆ. 2023ರಲ್ಲಿ 137. ನಾನು ಓದಿದ ಹೈಸ್ಕೂಲಿನಲ್ಲಿ ಇಷ್ಟು ತೆಗೆದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅರ್ಹತೆಯ ಗೆರೆ ಇಷ್ಟು ಕೆಳಗೆ ಇದ್ದಾಗ, ಒಳಗೆ ಯಾರು ಹೋಗುತ್ತಾರೆ ಅನ್ನುವುದನ್ನು ನಿರ್ಧಾರ ಮಾಡುವುದು ಫೀಸು. ಖಾಸಗಿ ಕಾಲೇಜಿನ ಅದೇ ಕ್ಲಾಸಿನಲ್ಲಿ ಸರ್ಕಾರಿ ಸೀಟಿನವರು ವರ್ಷಕ್ಕೆ ಲಕ್ಷದ ಆಸುಪಾಸು ಕಟ್ಟಿದರೆ, ಖಾಸಗಿ ಸೀಟಿಗೆ ಹತ್ತು ಲಕ್ಷದ ಸುತ್ತಮುತ್ತ, ಎನ್‌ಆರ್‌ಐ ಸೀಟಿಗೆ ಅದರ ಎರಡು ಮೂರು ಪಟ್ಟು. ಸರ್ಕಾರಿ ಸೀಟಿನ ಕೊನೆಯ ರ್‍ಯಾಂಕು ಸ್ವಲ್ಪದರಲ್ಲಿ ತಪ್ಪಿಹೋದ ಮೇಷ್ಟ್ರ ಮಗಳು ಮನೆಯಲ್ಲಿ ಕೂರುತ್ತಾಳೆ, ಅವಳಿಗಿಂತ ಎಷ್ಟೋ ಸಾವಿರ ರ್‍ಯಾಂಕು ಹಿಂದೆ ಇದ್ದವನು ಡಾಕ್ಟರಾಗುತ್ತಾನೆ. ಚಿತ್ರದಲ್ಲಿ ಓಡುತ್ತಿದ್ದ "ಮೆರಿಟ್" ಹುಡುಗನ ಸೀಟು ಹೋದದ್ದು ಯಾರಿಗೆ ಅಂತ ಈಗ ಹೇಳಿ!

ಇನ್ನೂ ಒಂದು ಹೇಳಿಬಿಡುತ್ತೇನೆ. 2023ರಲ್ಲಿ ಪಿಜಿ ಮೆಡಿಕಲ್ ಸೀಟುಗಳು ಖಾಲಿ ಉಳಿದವು ಅಂತ ನೀಟ್ ಪಿಜಿಯ ಅರ್ಹತೆಯನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಿದರು. ಸೊನ್ನೆ. ಪರೀಕ್ಷೆ ಬರೆದವರೆಲ್ಲ ಅರ್ಹರು. ಅಷ್ಟೊತ್ತಿಗೆ ಉಳಿದ ಸೀಟುಗಳಲ್ಲಿ ಬಹಳಷ್ಟು ದುಬಾರಿ ಫೀಸಿನವು ಅಥವಾ ಯಾರಿಗೂ ಬೇಡವಾದ ವಿಭಾಗದವು ಅಂತ ಊಹಿಸಲಿಕ್ಕೆ ದೊಡ್ಡ ತಲೆ ಬೇಡ. ಆ ಚಿತ್ರ ಕಳಿಸುವ ನನ್ನ ಗೆಳೆಯರು ಯಾರೂ ಅವತ್ತು ಚಿತ್ರ ಕಳಿಸಲಿಲ್ಲ.

ಆ 45 ಸರ್ಕಾರಿ ಸೀಟಾದರೂ ಭದ್ರವಾಗಿದೆಯಾ ಅಂದರೆ ಅದೂ ಇಲ್ಲ. ಒಳ್ಳೆಯ ರ್‍ಯಾಂಕಿನವರ ಹೆಸರಿನಲ್ಲಿ ಬೇಡಿಕೆಯ ಸೀಟನ್ನು ಕೊನೆಯ ಸುತ್ತಿನ ತನಕ ಹಿಡಿದಿಟ್ಟು, ಅವರು ಸೇರದೆ ಹೋದಾಗ ಖಾಲಿಯಾದ ಸೀಟು ಕಾಲೇಜಿನ ಕೈಗೇ ಹೋಗುವ ಆಟಕ್ಕೆ ಸೀಟ್ ಬ್ಲಾಕಿಂಗ್ ಅಂತ ಹೆಸರು. 2024ರ ಇಂಜಿನಿಯರಿಂಗ್ ಪ್ರವೇಶದಲ್ಲಿ ಇದು ನಡೆಯಿತು ಅಂತ ಪರೀಕ್ಷಾ ಪ್ರಾಧಿಕಾರವೇ ಪೊಲೀಸರಿಗೆ ದೂರು ಕೊಟ್ಟಿತು. ಹಳ್ಳಿಯ ಹುಡುಗಿ ಹತ್ತರಲ್ಲಿ ಮೂರು ವರ್ಷ ಪಟ್ಟಣ ಪಂಚಾಯಿತಿಯಲ್ಲಿ ಓದಿದ್ದನ್ನು ತಕ್ಷಣ ಕಂಡುಹಿಡಿಯುವ ವ್ಯವಸ್ಥೆಗೆ, ಸೀಟುಗಳೇ ಮಾಯವಾಗುವುದು ತಿಳಿಯುವಷ್ಟರಲ್ಲಿ ಕೌನ್ಸೆಲಿಂಗು ಮುಗಿದಿರುತ್ತದೆ.

*

ಇದು ಇವತ್ತಿನ ರೋಗವೂ ಅಲ್ಲ. ಕ್ಯಾಪಿಟೇಶನ್ ಫೀಸು ಅನ್ನುವ ಪದವನ್ನು ದೇಶಕ್ಕೆಲ್ಲ ಪರಿಚಯ ಮಾಡಿಸಿದವರಲ್ಲಿ ನಮ್ಮ ರಾಜ್ಯದ ಕಾಲೇಜುಗಳೇ ಮುಂದಿದ್ದವು. 1984ರಲ್ಲಿ ಅದನ್ನು ನಿಷೇಧಿಸಿ ಕಾಯ್ದೆ ಬಂತು. 1989ರಲ್ಲಿ ಸರ್ಕಾರವೇ ಖಾಸಗಿ ಮೆಡಿಕಲ್ ಕಾಲೇಜುಗಳಿಗೆ ಒಂದು ಅಧಿಸೂಚನೆ ಹೊರಡಿಸಿತು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000, ಹೊರಗಿನವರಿಗೆ 60,000. ಒಂದೇ ಬೆಂಚು, ಒಂದೇ ಹೆಣ ಕೊಯ್ಯುವ ಟೇಬಲ್ಲು, ಮೂರು ಬೆಲೆ. ಉತ್ತರ ಪ್ರದೇಶದಿಂದ ಬಂದ ಮೋಹಿನಿ ಜೈನ್ ಅನ್ನುವ ವಿದ್ಯಾರ್ಥಿನಿ ಅದನ್ನು ಸುಪ್ರೀಂ ಕೋರ್ಟಿಗೆ ಒಯ್ದಳು. ಕ್ಯಾಪಿಟೇಶನ್ ಅಂದರೆ ವಿದ್ಯೆಯನ್ನು ಮಾರುವ ಬೆಲೆಯೇ ಅಂತ 1992ರಲ್ಲಿ ತೀರ್ಪು ಬಂತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಬಂದು, ಖಾಸಗಿ ಕಾಲೇಜಿನಲ್ಲಿ ಅರ್ಧ ಸೀಟು ಫ್ರೀ, ಅರ್ಧ ಪೇಮೆಂಟು, ಎರಡೂ ಮೆರಿಟ್ ಮೇಲೆ ಅಂತಾಯಿತು. 1994ರಲ್ಲಿ ಸಿಇಟಿ ಹುಟ್ಟಿದ್ದು ಆ ಹಿನ್ನೆಲೆಯಲ್ಲಿ.

ನಮ್ಮಲ್ಲಿ ಎಷ್ಟು ಜನ ಆ ಬಾಗಿಲಿನಿಂದ ಒಳಗೆ ಬಂದವರು ಅಂತ ಸ್ವಲ್ಪ ನೆನಪು ಮಾಡಿಕೊಳ್ಳಿ. ರಾತ್ರಿ ಬಸ್ಸು ಹತ್ತಿ, ಮಾರ್ಕ್ಸ್‌ಕಾರ್ಡುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು, ಅಪ್ಪನ ಜೊತೆ ಬೆಂಗಳೂರಿಗೆ ಕೌನ್ಸೆಲಿಂಗಿಗೆ ಬಂದವರು. ಫ್ರೀ ಸೀಟು ಸಿಕ್ಕಿದ್ದರಿಂದ ಇಂಜಿನಿಯರಾದವರು, ಆಮೇಲೆ ವಿಮಾನ ಹತ್ತಿದವರು. ಕನ್ನಡದಲ್ಲಿ ಬ್ಲಾಗು ಬರೆಯುವ, ಓದುವ ಬಳಗದಲ್ಲಿ ಅಂಥವರು ಬೇಕಾದಷ್ಟು ಜನ ಇದ್ದೇವೆ.

ಆ ವ್ಯವಸ್ಥೆ ಬಹಳ ಕಾಲ ಉಳಿಯಲಿಲ್ಲ. 2002ರಲ್ಲಿ ಟಿ.ಎಂ.ಎ. ಪೈ ತೀರ್ಪು ಉನ್ನಿಕೃಷ್ಣನ್ ಸೂತ್ರವನ್ನು ಬದಿಗೆ ಸರಿಸಿತು. 2005ರಲ್ಲಿ ಇನಾಮದಾರ್ ತೀರ್ಪು ಬಂತು. ಅನುದಾನ ಇಲ್ಲದ ಖಾಸಗಿ ಕಾಲೇಜಿನ ಮೇಲೆ ಸರ್ಕಾರ ತನ್ನ ಕೋಟಾ ಹೇರುವ ಹಾಗಿಲ್ಲ, ಎನ್‌ಆರ್‌ಐಗಳಿಗೆ 15 ಪರ್ಸೆಂಟಿನ ತನಕ ಕೊಡಬಹುದು ಅಂತ. ಮ್ಯಾನೇಜ್‌ಮೆಂಟಿನವರು ಇದನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ಆದರೆ ಅದೇ ತೀರ್ಪು ಮೂರು ಷರತ್ತು ಹಾಕಿತ್ತು. ಆ ಸೀಟು ನಿಜವಾದ ಎನ್‌ಆರ್‌ಐಗಳ ಮಕ್ಕಳಿಗೇ ಹೋಗಬೇಕು. ಅಲ್ಲೂ ಮೆರಿಟನ್ನು ಪೂರ್ತಿ ಗಾಳಿಗೆ ತೂರಬಾರದು. ಬಂದ ದುಡ್ಡನ್ನು ಬಡ ವಿದ್ಯಾರ್ಥಿಗಳ ಫೀಸು ಇಳಿಸಲಿಕ್ಕೆ ಬಳಸಬೇಕು. ಈ ಮೂರು ಷರತ್ತಿನ ಲೆಕ್ಕ ಕೊಡಿ ಅಂತ ಯಾವ ಸರ್ಕಾರವಾದರೂ ಕಾಲೇಜುಗಳನ್ನು ಗಟ್ಟಿಯಾಗಿ ಕೇಳಿದ್ದನ್ನು ನೋಡಿದ್ದೀರಾ? ನಮ್ಮಲ್ಲಿ 2006ರಲ್ಲಿ ಕಾಯ್ದೆ ಆಯಿತು, ಆದರೂ ವರ್ಷಗಟ್ಟಲೆ ಸರ್ಕಾರ ಮತ್ತು ಕಾಲೇಜಿನವರು ಎದುರುಬದುರು ಕೂತು, ನಿಮಗಿಷ್ಟು ನಮಗಿಷ್ಟು ಅಂತ ಒಪ್ಪಂದ ಮಾಡಿಕೊಂಡೇ ಕಾಲ ತಳ್ಳಿದರು.

ಎನ್‌ಆರ್‌ಐ ಅನ್ನುವ ಪದದ ಬಗ್ಗೆ ಸಮುದ್ರದಾಚೆಯ ಗೆಳೆಯರಿಗೆ ಒಂದು ಮಾತು. ನಿಮ್ಮ ಹೆಸರಿನಲ್ಲಿ ಇರುವ ಈ ಸೀಟಿನಲ್ಲಿ ನಿಮ್ಮ ಮಕ್ಕಳೇ ಕೂತಿರಬೇಕು ಅಂತೇನಿಲ್ಲ. ಪಂಜಾಬಿನಲ್ಲಿ 2024ರಲ್ಲಿ ಮಾವ, ಅತ್ತೆ, ಚಿಕ್ಕಪ್ಪ, ದೊಡ್ಡಪ್ಪ ಯಾರು ಹೊರದೇಶದಲ್ಲಿದ್ದರೂ ಎನ್‌ಆರ್‌ಐ ಕೋಟಾ ಕೊಡುವ ಹಾಗೆ ವ್ಯಾಖ್ಯೆಯನ್ನು ಹಿಗ್ಗಿಸಿದರು. ಹೈಕೋರ್ಟು ಅದನ್ನು ರದ್ದು ಮಾಡಿತು. ಸುಪ್ರೀಂ ಕೋರ್ಟು ಇದು ಬರೀ ವಂಚನೆ ಅಂತ ಹೇಳಿ ಪಂಜಾಬ್ ಸರ್ಕಾರದ ಮೇಲ್ಮನವಿಯನ್ನು ತಳ್ಳಿಹಾಕಿತು. ಅದೇ ವರ್ಷ ನಮ್ಮ ಕರ್ನಾಟಕ ಸರ್ಕಾರ ಏನು ಮಾಡುತ್ತಿತ್ತು? ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲೂ 15 ಪರ್ಸೆಂಟು ಎನ್‌ಆರ್‌ಐ ಸೀಟು ಮಾಡಿಕೊಳ್ಳಲಿಕ್ಕೆ ಅನುಮತಿ ಕೊಡಿ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ ಬರೆಯುತ್ತಿತ್ತು! ಹೆಚ್ಚುವರಿ ಸೀಟು ಅಷ್ಟೆ, ಈಗಿನವರದ್ದು ಕಿತ್ತುಕೊಳ್ಳುವುದಿಲ್ಲ, ಬಂದ ದುಡ್ಡಿನಿಂದ ಕಾಲೇಜು ಉದ್ಧಾರ ಮಾಡುತ್ತೇವೆ ಅನ್ನುವುದು ಸಮರ್ಥನೆ. ಹೆಚ್ಚುವರಿ ಸೀಟಿಗೆ ಬೇಕಾದ ಪ್ರೊಫೆಸರು, ಹಾಸಿಗೆ, ಲ್ಯಾಬು ಎಲ್ಲ ಇದ್ದರೆ ಆ ಸೀಟನ್ನು ಮೇಷ್ಟ್ರ ಮಗಳಿಗೆ ಯಾಕೆ ಕೊಡಬಾರದು ಸ್ವಾಮಿ? ಇಲ್ಲದಿದ್ದರೆ ಎನ್‌ಆರ್‌ಐ ಮಗನಿಗೆ ಹೇಗೆ ಪಾಠ ಮಾಡುತ್ತೀರಿ?

*

ಇನ್ನು ಬರಬಹುದಾದ ಆಕ್ಷೇಪಣೆಗಳು.

"ಖಾಸಗಿ ಕಾಲೇಜಿನವರು ಸ್ವಂತ ದುಡ್ಡು ಹಾಕಿ ಕಟ್ಟಿದ್ದಾರೆ, ಅವರ ಸೀಟು ಅವರಿಷ್ಟ." ಅವರಿಷ್ಟ ಅಂತಾದರೆ ಅದನ್ನು ಮೆರಿಟ್ ಅನ್ನಬೇಡಿ, ವ್ಯಾಪಾರ ಅನ್ನಿ. ಅಂಗಡಿಯಲ್ಲಿ ದುಡ್ಡು ಕೊಟ್ಟು ಸಾಮಾನು ತಂದವನು ಪಡಿತರದ ಸಾಲಿನಲ್ಲಿ ನಿಂತವನನ್ನು ನೋಡಿ "ಬಿಟ್ಟಿ ತಿನ್ನುವವನು" ಅಂತ ಹಂಗಿಸಿದರೆ ಹೇಗಿರುತ್ತದೋ ಇದೂ ಹಾಗೇ.

"ದುಬಾರಿ ಸೀಟಿನವರ ಫೀಸಿನಿಂದಲೇ ನಿಮ್ಮ ಅಗ್ಗದ ಸೀಟು ನಡೆಯುವುದು." ಇರಬಹುದು. ಹಾಗಾದರೆ ಲೆಕ್ಕ ತೋರಿಸಿ. ಹಮಾಲಿಯ ಮಗಳು ಹತ್ತು ವರ್ಷದ ಲೆಕ್ಕ ಕೊಡುತ್ತಾಳೆ, ನೀವು ಒಂದು ವರ್ಷದ್ದು ಕೊಡಿ ಸಾಕು.

"ಕನ್ನಡ ಮೀಡಿಯಂನಿಂದ ಬಂದವರು ಕಾಲೇಜಿನಲ್ಲಿ ತಬ್ಬಿಬ್ಬಾಗುತ್ತಾರೆ, ಸುಮ್ಮನೆ ಫೇಲಾಗಲಿಕ್ಕೆ ಯಾಕೆ ಸೀಟು?" ಇದಕ್ಕೆ ನಾನೇ ಉತ್ತರ ಕೊಡಬಲ್ಲೆ, ಯಾಕಂದರೆ ನಾನು ಹತ್ತನೇ ಕ್ಲಾಸಿನ ತನಕ ಕನ್ನಡದಲ್ಲಿ ಓದಿದವನು. ಪಿಯುಸಿ ಸೈನ್ಸಿನ ಮೊದಲ ವಾರ ಮೇಷ್ಟ್ರು "ಎಲ್‌ಸಿಎಂ ತಗೊಳ್ಳಿ" ಅಂದಾಗ ಏನು ತಗೊಳ್ಳಬೇಕು ಅಂತ ಪಕ್ಕದವನ ಮುಖ ನೋಡಿದ್ದೆ. ಅದು ನಮ್ಮ ಲಸಾಅ! ಐದನೇ ಕ್ಲಾಸಿನಿಂದ ನಿದ್ದೆಯಲ್ಲೂ ಮಾಡುತ್ತಿದ್ದ ಲೆಕ್ಕ. ದ್ಯುತಿಸಂಶ್ಲೇಷಣೆ, ವೇಗೋತ್ಕರ್ಷ ಎಲ್ಲ ಗೊತ್ತಿದ್ದವನು ಅವುಗಳ ಇಂಗ್ಲಿಷ್ ಹೆಸರು ಹುಡುಕುತ್ತಾ ವರ್ಷ ಕಳೆದೆ. ಪಿಯುಸಿಯ ಎರಡು ವರ್ಷದಲ್ಲಿ ಬೇರೆಯವರು ಪಾಠ ಓದಿದರು, ನಮ್ಮಂಥವರು ಒಂದು ವರ್ಷ ಪದಕೋಶ, ಒಂದು ವರ್ಷ ಪಾಠ ಓದಿದೆವು. ಸಿಇಟಿ ರ್‍ಯಾಂಕು ಬರುವುದು ಆ ಎರಡು ವರ್ಷದ ಮೇಲೆಯೇ. ಆ 5 ಪರ್ಸೆಂಟು ಭಿಕ್ಷೆ ಏನಲ್ಲ ಕಣ್ರೀ, ಕಳೆದುಹೋದ ಆ ಒಂದು ವರ್ಷಕ್ಕೆ ಸಿಕ್ಕ ಸಣ್ಣ ಪರಿಹಾರ. ಭಾಷೆ ಕೈಗೆ ಸಿಕ್ಕಮೇಲೆ ನಮ್ಮ ತಲೆ ಬೇರೆಯವರ ತಲೆಯಷ್ಟೇ ಓಡುತ್ತದೆ. ತಬ್ಬಿಬ್ಬಾಗುತ್ತಾರೆ ಅಂತ ನಿಜವಾಗಿ ಕಾಳಜಿ ಇದ್ದವರು ಮೊದಲ ಸೆಮಿಸ್ಟರಿನಲ್ಲಿ ಎರಡು ತಿಂಗಳ ವಿಶೇಷ ತರಗತಿ ಕೇಳಬೇಕು, ಸೀಟು ರದ್ದು ಮಾಡಿ ಅಂತ ಕೇಳಬಾರದು.

"ಸುಳ್ಳು ಸರ್ಟಿಫಿಕೇಟಿನವರು ತುಂಬಿದ್ದಾರೆ." ಇದ್ದರೆ ಹಿಡಿದು ಶಿಕ್ಷೆ ಕೊಡಿ. ಸುಳ್ಳು ಸರ್ಟಿಫಿಕೇಟಿನಿಂದ ಮೋಸ ಹೋಗುವುದು ಮೊದಲು ನಿಜವಾದ ಹಳ್ಳಿ ಮಗುವೇ. ಹಾಗೇ ಸುಳ್ಳು ಎನ್‌ಆರ್‌ಐ ಚಿಕ್ಕಪ್ಪಂದಿರನ್ನೂ ಹಿಡಿಯಿರಿ.

*

ಬರೀ ಬೈದು ಹೋದರೆ ಆಗಲಿಲ್ಲ. ಏನು ಮಾಡಬಹುದು ಅಂತಲೂ ಹೇಳಬೇಕು.

ಕಾವೇರಿ ವಿಷಯಕ್ಕೆ ತಮಿಳುನಾಡನ್ನು ಬೈಯುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಆದರೆ ಅವರು ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. 2020ರಲ್ಲಿ ಕಾಯ್ದೆ ಮಾಡಿ, ಆರನೇ ಕ್ಲಾಸಿನಿಂದ ಹನ್ನೆರಡರ ತನಕ ಸರ್ಕಾರಿ ಶಾಲೆಯಲ್ಲಿ ಓದಿ ನೀಟ್ ಪಾಸಾದವರಿಗೆ ಮೆಡಿಕಲ್ ಸೀಟಿನಲ್ಲಿ 7.5 ಪರ್ಸೆಂಟು ಮೀಸಲಿಟ್ಟರು. ಮರುವರ್ಷ ಇಂಜಿನಿಯರಿಂಗ್, ಕಾನೂನು, ಕೃಷಿ ಕೋರ್ಸುಗಳಿಗೂ ಅದನ್ನು ಹಬ್ಬಿಸಿದರು. ಕೋರ್ಟಿಗೆ ಹೋದವರಿದ್ದರು, 2022ರಲ್ಲಿ ಮದ್ರಾಸ್ ಹೈಕೋರ್ಟು ಎತ್ತಿಹಿಡಿಯಿತು. ಇದರಲ್ಲಿ ನನಗೆ ಹಿಡಿಸಿದ್ದು ಅಳತೆಗೋಲು. ಶಾಲೆ ಎಲ್ಲಿದೆ ಅಂತ ಕೇಳುವುದಿಲ್ಲ, ಯಾವ ಶಾಲೆ ಅಂತ ಕೇಳುತ್ತಾರೆ. ಪಟ್ಟಣ ಪಂಚಾಯಿತಿಯ ಸರ್ಕಾರಿ ಹೈಸ್ಕೂಲಿಗೆ ಸೈಕಲ್ ತುಳಿದ ಹುಡುಗಿಗೂ ಸಿಗುತ್ತದೆ, ಸ್ಲಮ್ಮಿನ ಪಕ್ಕದ ಶಾಲೆಯ ಹುಡುಗನಿಗೂ ಸಿಗುತ್ತದೆ. ಈಜುಕೊಳದ ಶಾಲೆಗೆ ಸಿಗುವುದಿಲ್ಲ.

ನನ್ನ ಬೇಡಿಕೆ ಇಷ್ಟು:

1. ನಮ್ಮಲ್ಲೂ ಸರ್ಕಾರಿ ಶಾಲೆಯ ಮಕ್ಕಳಿಗೆ ಅಂತ ಒಂದು ಕೋಟಾ ಬರಲಿ. ಕನ್ನಡ ಮಾಧ್ಯಮದ್ದು, ಗ್ರಾಮೀಣದ್ದು ತೆಗೆಯದೆ, ಅವುಗಳ ಜೊತೆಗೆ.

2. ಮನೆ ಗ್ರಾಮ ಪಂಚಾಯಿತಿಯಲ್ಲಿದ್ದು, ಊರಲ್ಲಿ ಹೈಸ್ಕೂಲು ಇಲ್ಲದೆ ಹತ್ತಿರದ ಪಟ್ಟಣದ ಸರ್ಕಾರಿ ಹೈಸ್ಕೂಲಿಗೆ ಹೋದ ಮಕ್ಕಳ ಆ ವರ್ಷಗಳನ್ನು ಗ್ರಾಮೀಣ ಅಂತಲೇ ಎಣಿಸಲಿ. ಇದಕ್ಕೆ ಹೊಸ ಕಟ್ಟಡ ಬೇಡ, ದುಡ್ಡು ಬೇಡ, ಒಂದು ತಿದ್ದುಪಡಿ ಸಾಕು.

3. ಪ್ರತಿ ಕಾಲೇಜು ಪ್ರತಿ ವರ್ಷ ಯಾವ ಬಾಗಿಲಿನಿಂದ ಎಷ್ಟು ಜನ, ಯಾವ ರ್‍ಯಾಂಕಿನವರು, ಎಷ್ಟು ಫೀಸಿಗೆ ಒಳಗೆ ಬಂದರು ಅಂತ ಹೆಸರಿಲ್ಲದೆ ಪಟ್ಟಿ ಹಾಕಲಿ. ಸಿಇಟಿಯ ಕಟ್-ಆಫ್ ಪಟ್ಟಿ ಲೋಕಕ್ಕೆಲ್ಲ ಕಾಣುತ್ತದೆ. ಮ್ಯಾನೇಜ್‌ಮೆಂಟಿನದ್ದೂ ಕಾಣಲಿ.

4. ಸರ್ಕಾರಿ ಕಾಲೇಜಿನ ಒಳಗೆ ಎನ್‌ಆರ್‌ಐ ಸೀಟು ಬೇಡವೇ ಬೇಡ. ಉಳಿದಿರುವ ಒಂದೇ ಒಂದು ಬಾಗಿಲನ್ನಾದರೂ ಮಾರದೆ ಬಿಡಿ.

ಮೂರನೆಯದು ಆಗಿಬಿಟ್ಟರೆ ಉಳಿದ ಚರ್ಚೆ ತಾನಾಗಿ ಸರಿಹೋಗುತ್ತದೆ ಅಂತ ನನ್ನ ನಂಬಿಕೆ. ಯಾರು ಎಷ್ಟು ಅಂಕಕ್ಕೆ ಒಳಗೆ ಬಂದರು ಅಂತ ಗೋಡೆಯ ಮೇಲೆ ಬಿದ್ದ ದಿನ, ಗ್ರಾಮೀಣ ಕೋಟಾದ ಕೊನೆಯ ರ್‍ಯಾಂಕು ಮೇಲೆ ಇರುತ್ತದೋ ಮ್ಯಾನೇಜ್‌ಮೆಂಟಿನ ಕೊನೆಯ ರ್‍ಯಾಂಕು ಮೇಲೆ ಇರುತ್ತದೋ ನೋಡಿಯೇಬಿಡೋಣ. ನಾನು ಯಾವುದರ ಮೇಲೆ ಪಂದ್ಯ ಕಟ್ಟುತ್ತೇನೆ ಅಂತ ನಿಮಗೆ ಗೊತ್ತು.

ಕೊನೆಗೆ ಎಲ್ಲ ಬ್ಲಾಗಿಗರಲ್ಲಿ ಒಂದು ಕೋರಿಕೆ. ನಿಮ್ಮ ಊರಿನ ಮಕ್ಕಳು ಏಳನೇ ಕ್ಲಾಸು ಆದಮೇಲೆ ಯಾವ ಹೈಸ್ಕೂಲಿಗೆ ಹೋಗುತ್ತಾರೆ? ಎಷ್ಟು ದೂರ? ಆ ಊರು ಗ್ರಾಮ ಪಂಚಾಯಿತಿಯೋ, ಪಟ್ಟಣ ಪಂಚಾಯಿತಿಯೋ? ಊರಿಗೆ ಫೋನ್ ಮಾಡಿದಾಗ ಒಂದು ಮಾತು ಕೇಳಿ, ಇಲ್ಲಿ ಕಾಮೆಂಟಿನಲ್ಲಿ ಹಾಕಿ ಅಥವಾ ನಿಮ್ಮ ಬ್ಲಾಗಿನಲ್ಲೇ ಬರೆಯಿರಿ. ಮಕ್ಕಳ ಹೆಸರು ಬೇಡ, ಊರು ಮತ್ತು ದೂರ ಸಾಕು. ಐವತ್ತು ಊರಿನ ಪಟ್ಟಿ ಆದರೆ ಶಿಕ್ಷಣ ಮಂತ್ರಿಗಳಿಗೆ ಕಳಿಸೋಣ. ಒಪ್ಪದವರು ಧಾರಾಳವಾಗಿ ಬೈಯಬಹುದು, ಆದರೆ ಬೈಯುವ ಮೊದಲು ನಿಮ್ಮೂರಿನ ಹೈಸ್ಕೂಲಿನ ದೂರ ಬರೆದು ಆಮೇಲೆ ಬೈಯಿರಿ :-)